ಕೆಲಸಕ್ಕೆ ಪ್ಲಗ್-ಇನ್ ಹೈಬ್ರಿಡ್ ಲೀಸ್ ತಗೊಳ್ತೀರಾ? ಮೊದಲು ಪ್ಲಗ್, ಆಮೇಲೆ ಕಾರು

ಪ್ಲಗ್-ಇನ್ ಹೈಬ್ರಿಡ್ ಅಂದರೆ ಪೆಟ್ರೋಲ್ ಇಂಜಿನ್ನೂ, ಗೋಡೆಗೆ ಚುಚ್ಚಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು. ಲೀಸ್ ಮುಗಿದು ವಾಪಸ್ ಬರುವ ಇಂಥ ಕಾರುಗಳ ಡಿಕ್ಕಿ ತೆಗೆದರೆ, ಕೆಲವದರಲ್ಲಿ ಚಾರ್ಜಿಂಗ್ ಕೇಬಲ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ. ಮೂರು ವರ್ಷ ಓಡಿಸಿದ್ದಾರೆ, ಒಂದು ದಿನವೂ ಚಾರ್ಜ್ ಮಾಡಿಲ್ಲ. ಇವರೇ ಆಮೇಲೆ "ಮೈಲೇಜ್ ಬರಲ್ಲ, ಕಾರಿನಲ್ಲೇ ಏನೋ ದೋಷ ಇದೆ" ಅಂತ ಹೇಳಿಕೊಂಡು ಓಡಾಡುವುದು.

ಸಾಮಾನ್ಯವಾಗಿ ಕಾರಿನಲ್ಲಿ ದೋಷ ಇರುವುದಿಲ್ಲ. ಮಾಡಿದ ಕ್ರಮ ತಪ್ಪಿರುತ್ತದೆ. ಮೊದಲು ಕಾರಿನ ಬಣ್ಣ, ಆಮೇಲೆ ಲೀಸ್, ಡೆಲಿವರಿ ಆದ ದಿನ ರಾತ್ರಿ "ಅಯ್ಯೋ, ಇದನ್ನ ಎಲ್ಲಿ ಚುಚ್ಚೋದು?" ವಾಹನಗಳ ಹೊಗೆಯ ಬಗ್ಗೆ ಅಧ್ಯಯನ ಮಾಡುವ ಐಸಿಸಿಟಿ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ 2022ರಲ್ಲಿ ಯುರೋಪಿನ ಇಂಥ ಕಾರುಗಳ ನಿಜವಾದ ಓಡಾಟದ ಲೆಕ್ಕ ತೆಗೆದವು. ಸ್ವಂತ ಕಾರಿನವರು ಓಡಿಸಿದ ದೂರದಲ್ಲಿ ಸುಮಾರು 45ರಿಂದ 49 ಪರ್ಸೆಂಟ್ ಕರೆಂಟಿನಲ್ಲಿ ಓಡಿತ್ತು. ಕಂಪನಿ ಕಾರಿನವರದ್ದು ಬರೀ 11ರಿಂದ 15 ಪರ್ಸೆಂಟ್. ಬದಲಾಗಿದ್ದು ಕಾರಲ್ಲ, ಚಾರ್ಜ್ ಮಾಡುವ ಮನಸ್ಸು. ಆ ಮನಸ್ಸು ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಇದೆ, 3ನೇ ಹಂತದಲ್ಲಿ ಹೇಳುತ್ತೇನೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಿಂದ ಶುರು ಮಾಡಬೇಡಿ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ ಅಥವಾ ಫೋನಿನಲ್ಲಿ ಒಂದು ಶೀಟ್. ನಿಮ್ಮ ಇತ್ತೀಚಿನ ಕರೆಂಟ್ ಬಿಲ್. ಕಂಪನಿಯ ಕಾರ್ ಪಾಲಿಸಿಯ ಪ್ರತಿ, ಅದೂ ಪೂರ್ತಿ ಪ್ರತಿ, ಎಚ್‌ಆರ್ ಕಳಿಸುವ ಒಂದು ಪುಟದ ಸಾರಾಂಶ ಅಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರ ಒಂದು ಗಂಟೆ. ಕಾರು ಬಂದ ಮೇಲೆ ಟೈರಿನ ಗಾಳಿ ನೋಡುವ ಗೇಜ್. ಇಷ್ಟೇ.

ಹಂತ 1: ಎರಡು ವಾರ ಕಿಲೋಮೀಟರ್ ಬರೆದಿಡಿ

ದಿನ ದಿನದ್ದು ಬೇರೆ ಬೇರೆ ಬರೆಯಿರಿ. ತಿಂಗಳ ಸರಾಸರಿ ಹಿಡಿದುಕೊಂಡು ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ಒಂದು ವಾರ ನೋಡೋಣ. ಸೋಮವಾರ 46, ಮಂಗಳವಾರ 46, ಬುಧವಾರ 52, ಗುರುವಾರ ಯಾವುದೋ ಊರಿಗೆ ಮೀಟಿಂಗ್ ಅಂತ 210, ಶುಕ್ರವಾರ 46. ಒಟ್ಟು 400, ಸರಾಸರಿ 80. ಬ್ಯಾಟರಿಯಲ್ಲಿ ನಿಜಕ್ಕೂ 50 ಕಿಲೋಮೀಟರ್ ಓಡುವ ಕಾರಿಗೆ 80 ಜಾಸ್ತಿ ಆಯ್ತಲ್ವಾ ಅನ್ನಿಸುತ್ತದೆ. ಆದರೆ ದಿನಾ ರಾತ್ರಿ ಚಾರ್ಜ್ ಮಾಡಿದರೆ 46, 46, 50, 50, 46, ಅಂದರೆ 238 ಕಿಲೋಮೀಟರ್ ಕರೆಂಟಿನಲ್ಲೇ ಆಗುತ್ತದೆ. ಹತ್ತಿರ ಹತ್ತಿರ 60 ಪರ್ಸೆಂಟ್. ಇವರಿಗೆ ಈ ಕಾರು ಹೇಳಿ ಮಾಡಿಸಿದ ಹಾಗಿದೆ.

ಈಗ ವಾರಕ್ಕೆ ಮೂರು ದಿನ 210 ಕಿಲೋಮೀಟರ್ ಓಡಿಸಿ ಉಳಿದ ದಿನ ಮನೆಯಿಂದಲೇ ಕೆಲಸ ಮಾಡುವವರನ್ನು ನೋಡಿ. 630ರಲ್ಲಿ 150 ಮಾತ್ರ ಕರೆಂಟು, ಕಾಲು ಭಾಗವೂ ಇಲ್ಲ. ಉಳಿದ ದಾರಿಯೆಲ್ಲ ಖಾಲಿ ಬ್ಯಾಟರಿ ಹೊತ್ತುಕೊಂಡು ಪೆಟ್ರೋಲ್ ಸುಡಬೇಕು. ಮೂಗಿಗಿಂತ ಮೂಗುತಿ ಭಾರ. ಇವರಿಗೆ ಪ್ಲಗ್ ಬೇಡದ, ಓಡುತ್ತಲೇ ಚಾರ್ಜ್ ಆಗುವ ಸಾದಾ ಹೈಬ್ರಿಡ್ ಸಾಕು, ದಾರಿಯಲ್ಲಿ ಒಳ್ಳೆ ಫಾಸ್ಟ್ ಚಾರ್ಜರ್ ಇದ್ದರೆ ಪೂರ್ತಿ ಎಲೆಕ್ಟ್ರಿಕ್ ಇನ್ನೂ ಒಳ್ಳೆಯದು.

*ಸಾಮಾನ್ಯ ತಪ್ಪು:* ಬ್ರೋಷರ್‌ನಲ್ಲಿರುವ ಎಲೆಕ್ಟ್ರಿಕ್ ರೇಂಜ್ ಅನ್ನು ಹಾಗೇ ನಂಬುವುದು. ನಾನು ಅದರಲ್ಲಿ 30 ಪರ್ಸೆಂಟ್ ಮೊದಲೇ ಕಳೆದುಬಿಡುತ್ತೇನೆ. 70 ಅಂದರೆ 50 ಅಂತ ಇಟ್ಟುಕೊಳ್ಳಿ. ಹೈವೇ ವೇಗ, ಚಳಿ, ಹೀಟರ್ ಎಲ್ಲ ಸೇರಿದರೆ ಅದಕ್ಕಿಂತಲೂ ಕಡಿಮೆ ಬರುತ್ತದೆ.

ಹಂತ 2: ಪ್ಲಗ್ ಗಟ್ಟಿ ಮಾಡಿಕೊಳ್ಳಿ

ಕಾರು ಆರ್ಡರ್ ಮಾಡಿ ಆಮೇಲೆ ಪ್ಲಗ್ ಹುಡುಕುವುದು ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ವೈರು ಬರುತ್ತದಾ, ಬರುವ ವೈರಿಗೆ ಅರ್ತಿಂಗ್ ಇದೆಯಾ. ಈ ಮೂರಕ್ಕೂ ಹೌದು ಅನ್ನುವ ಉತ್ತರ ಸಿಗುವ ತನಕ ಲೀಸ್ ಪೇಪರ್ ಮುಟ್ಟಬೇಡಿ.

ಸಮಯದ ಲೆಕ್ಕ ಸುಲಭ. ಬ್ಯಾಟರಿಗೆ 14 ಯೂನಿಟ್ ಹಿಡಿಯುತ್ತದೆ ಅಂದುಕೊಳ್ಳಿ. ಚಾರ್ಜ್ ಆಗುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಗೋಡೆಯಿಂದ 16 ಯೂನಿಟ್ ಎಳೆಯುತ್ತದೆ ಅಂತ ಹಿಡಿಯೋಣ. 230 ವೋಲ್ಟ್ ಇರುವ ಕಡೆ 10 ಆಂಪ್ಸ್ ಸಾಕೆಟ್‌ನಲ್ಲಿ ಗಂಟೆಗೆ 2.3 ಯೂನಿಟ್, ಅಂದರೆ ಏಳು ಗಂಟೆ. 16 ಆಂಪ್ಸ್ ವಾಲ್‌ಬಾಕ್ಸ್‌ನಲ್ಲಿ, ಅಂದರೆ ಗೋಡೆಗೆ ಕೂರಿಸುವ ಕಾರ್ ಚಾರ್ಜಿಂಗ್ ಡಬ್ಬದಲ್ಲಿ, ನಾಲ್ಕೂವರೆ ಗಂಟೆ. ರಾತ್ರಿ ನಿದ್ದೆ ಮಾಡುವಷ್ಟು ಹೊತ್ತಿಗೆ ಎರಡೂ ಸಾಕು. ಅದಕ್ಕೇ ದೊಡ್ಡ ವಾಲ್‌ಬಾಕ್ಸ್ ಮಾರಲು ಬಂದವರಿಗೆ ಸ್ವಲ್ಪ ತಾಳಿ ಅನ್ನಿ. ಕಾರಿನೊಳಗಿನ ಚಾರ್ಜರ್ 3.7 ಕಿಲೋವ್ಯಾಟ್ ಆಗಿದ್ದರೆ, ಗೋಡೆಯಲ್ಲಿ 7.4 ಅಥವಾ 22ರ ಡಬ್ಬ ಹಾಕಿದರೂ ಅದು ಎಳೆಯುವುದು 3.7 ಮಾತ್ರ. ಡಿಸಿ ಫಾಸ್ಟ್ ಚಾರ್ಜ್ ಅಂತೂ ಈ ಜಾತಿಯ ಹೆಚ್ಚಿನ ಕಾರುಗಳಲ್ಲಿ ಇಲ್ಲವೇ ಇಲ್ಲ.

ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ಗೆ ಬೇರೆ ಲೈನು, ಅದಕ್ಕೊಂದು ಬೇರೆ ಬ್ರೇಕರ್, ಲೀಕೇಜ್ ಆದರೆ ಟ್ರಿಪ್ ಆಗುವ ಸಾಧನ, ಇಷ್ಟನ್ನು ಹಾಕಿಸಿ. ಫೋನ್ ಚಾರ್ಜ್ ಮಾಡುವುದೂ ಕಾರ್ ಚಾರ್ಜ್ ಮಾಡುವುದೂ ಒಂದೇ ಅಲ್ಲ. ಇಲ್ಲಿ ಏಳು ಗಂಟೆ ಒಂದೇ ಸಮನೆ ಪೂರ್ತಿ ಲೋಡ್ ಇರುತ್ತದೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಶುರುವಿನಲ್ಲಿ ಒಂದು ಎಕ್ಸ್‌ಟೆನ್ಷನ್ ರೀಲ್ ತಂದು, ಅರ್ಧ ಮಾತ್ರ ಬಿಚ್ಚಿ, ಉಳಿದಿದ್ದನ್ನು ಸುತ್ತಿದ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ಎದ್ದು ಮುಟ್ಟಿದರೆ ರೀಲ್ ಇಸ್ತ್ರಿ ಪೆಟ್ಟಿಗೆ ಥರ ಕಾದಿತ್ತು, ಒಳಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತಿದ ವೈರಿಗೆ ಬಿಸಿ ಹೊರಗೆ ಬಿಡಲು ಜಾಗ ಇರುವುದಿಲ್ಲ. ಎಕ್ಸ್‌ಟೆನ್ಷನ್ ಬೇಡವೇ ಬೇಡ.

*ಎಚ್ಚರಿಕೆಯ ಸೂಚನೆ:* ಮೊದಲ ವಾರ ದಿನಾ, ಚಾರ್ಜ್ ಹಾಕಿ ಒಂದು ಗಂಟೆ ಆದ ಮೇಲೆ ಪ್ಲಗ್ಗಿನ ತಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ, ಸಾಕೆಟ್ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ ವಾಸನೆ, ಇವುಗಳಲ್ಲಿ ಒಂದು ಕಂಡರೂ ಬ್ರೇಕರ್ ಆಫ್ ಮಾಡಿ, ಸಾಕೆಟ್ ಬದಲಿಸುವ ತನಕ ಚಾರ್ಜ್ ಮಾಡಬೇಡಿ.

ಆಫೀಸಿನಲ್ಲಿ ಚಾರ್ಜ್ ಮಾಡುತ್ತೇನೆ ಅನ್ನುವವರು ಅಲ್ಲಿ ಎಷ್ಟು ಪಾಯಿಂಟ್ ಇದೆ, ಎಷ್ಟು ಕಾರು ಇದೆ ಅಂತ ಎಣಿಸಿ. ಎರಡು ಪಾಯಿಂಟಿಗೆ ಒಂಬತ್ತು ಕಾರು ಇದ್ದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಹಂತ 3: ಕರೆಂಟಿನ ದುಡ್ಡು ಯಾರು ಕೊಡುತ್ತಾರೆ?

ಮೊದಲೇ ಹೇಳಿದ ಗಟ್ಟಿ ಕಾರಣ ಇದೇ. ಕಂಪನಿ ಫ್ಯೂಯಲ್ ಕಾರ್ಡ್ ಕೊಟ್ಟಿರುತ್ತದೆ, ಪೆಟ್ರೋಲಿಗೆ ನಿಮ್ಮ ಜೇಬಿನಿಂದ ಒಂದು ಪೈಸೆ ಹೋಗುವುದಿಲ್ಲ. ಮನೆಯಲ್ಲಿ ಚಾರ್ಜ್ ಮಾಡಿದರೆ ಬಿಲ್ ನಿಮ್ಮ ತಲೆಗೆ. ಹಾಗಿದ್ದಾಗ ಯಾರು ತಾನೇ ರಾತ್ರಿ ಮಳೆಯಲ್ಲಿ ಹೊರಗೆ ಹೋಗಿ ಕೇಬಲ್ ಚುಚ್ಚುತ್ತಾರೆ ಹೇಳಿ? ನಾನಾದರೂ ಚುಚ್ಚಲ್ಲ. ಇದು ಆಲಸ್ಯ ಅಲ್ಲ, ಸರಳ ಲೆಕ್ಕ. ಪಾಲಿಸಿ ಬರೆದವರು ಈ ಲೆಕ್ಕವನ್ನು ಮರೆತಿರುತ್ತಾರೆ ಅಷ್ಟೇ.

ಲೀಸ್‌ಗೆ ಸಹಿ ಹಾಕುವ ಮುಂಚೆ ಅಕೌಂಟ್ಸ್‌ನವರಿಗೆ ಮೇಲ್ ಹಾಕಿ ಮೂರು ಪ್ರಶ್ನೆ ಕೇಳಿ. ಮನೆ ಚಾರ್ಜಿಂಗ್‌ಗೆ ದುಡ್ಡು ವಾಪಸ್ ಸಿಗುತ್ತದಾ? ಯೂನಿಟ್ ಲೆಕ್ಕದಲ್ಲಾ, ಕಿಲೋಮೀಟರ್ ಲೆಕ್ಕದಲ್ಲಾ? ಪುರಾವೆಗೆ ಏನು ಕೊಡಬೇಕು? ಬಾಯಿ ಮಾತಿನ ಉತ್ತರ ಬೇಡ, ಬರಹದಲ್ಲಿ ಬೇಕು. ಯೂನಿಟ್ ಲೆಕ್ಕ ಅಂದರೆ ಆ ಲೈನಿಗೆ ಸಣ್ಣದೊಂದು ಸಬ್ ಮೀಟರ್ ಹಾಕಿಸಿ, ಅಥವಾ ತಿಂಗಳ ರಿಪೋರ್ಟ್ ಕೊಡುವ ವಾಲ್‌ಬಾಕ್ಸ್ ಆರಿಸಿ. ಮನೆಯ ಒಟ್ಟು ಬಿಲ್ ತೋರಿಸಿ "ಇದರಲ್ಲಿ ಇಷ್ಟು ಕಾರಿನದ್ದು" ಅಂದರೆ ಯಾವ ಅಕೌಂಟ್ಸ್‌ನವರೂ ಒಪ್ಪುವುದಿಲ್ಲ.

ಇನ್ನು ಚಾರ್ಜ್ ಮಾಡುವುದೇ ಲಾಭವಾ ಅನ್ನುವುದಕ್ಕೆ ಒಂದು ಒರಟು ಲೆಕ್ಕ ಇದೆ. ಮಧ್ಯಮ ಗಾತ್ರದ ಕಾರು 100 ಕಿಲೋಮೀಟರಿಗೆ ಗೋಡೆಯಿಂದ ಸುಮಾರು 20 ಯೂನಿಟ್ ತಿನ್ನುತ್ತದೆ, ಬ್ಯಾಟರಿ ಖಾಲಿ ಇದ್ದಾಗ ಸುಮಾರು 7 ಲೀಟರ್ ಪೆಟ್ರೋಲ್ ಕುಡಿಯುತ್ತದೆ ಅಂತಿಟ್ಟುಕೊಳ್ಳಿ. 20ನ್ನು 7ರಿಂದ ಭಾಗಿಸಿದರೆ ಹತ್ತಿರ ಹತ್ತಿರ 3. ಒಂದು ಲೀಟರ್ ಪೆಟ್ರೋಲ್ ದುಡ್ಡಿಗೆ ಮೂರು ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬಂದರೆ ಚಾರ್ಜ್ ಮಾಡಿ. ಬರದಿದ್ದರೆ ಪೆಟ್ರೋಲೇ ಅಗ್ಗ. ಮನೆಯ ದರಕ್ಕೆ ಸಾಮಾನ್ಯವಾಗಿ ಬರುತ್ತದೆ. ದುಬಾರಿ ಸಾರ್ವಜನಿಕ ಚಾರ್ಜರ್‌ನಲ್ಲಿ ಎಷ್ಟೋ ಸಲ ಬರುವುದಿಲ್ಲ, ಅಂಥ ಕಡೆ ಸುಮ್ನೆ ಮುಂದೆ ಹೋಗಿ.

ಹಂತ 4: ಲೀಸ್ ಪೇಪರ್ ಓದಿ

ತಿಂಗಳ ಕಂತು ಒಂದನ್ನೇ ನೋಡಬೇಡಿ. ಕಂತು ಕಡಿಮೆ ಕಾಣಲಿ ಅಂತ ವರ್ಷದ ಕಿಲೋಮೀಟರ್ ಮಿತಿಯನ್ನು ಸಣ್ಣದು ಮಾಡಿರುತ್ತಾರೆ, ಇದು ಹಳೇ ತಂತ್ರ. ಹಂತ 1ರಲ್ಲಿ ಬರೆದ ಕಿಲೋಮೀಟರನ್ನು ವರ್ಷಕ್ಕೆ ಹಿಗ್ಗಿಸಿ, ರಜೆಯ ಪ್ರವಾಸ ಸೇರಿಸಿ, ಮೇಲೆ ಹತ್ತು ಪರ್ಸೆಂಟ್ ಹಾಕಿ. ಆ ಸಂಖ್ಯೆಗೇ ಕೊಟೇಶನ್ ಕೇಳಿ. ಮಿತಿ ದಾಟಿದರೆ ಕಿಲೋಮೀಟರಿಗೆ ಎಷ್ಟು, ಕಡಿಮೆ ಓಡಿಸಿದರೆ ಏನಾದರೂ ವಾಪಸ್ ಉಂಟಾ, ಮಧ್ಯದಲ್ಲಿ ಮಿತಿ ಬದಲಿಸಬಹುದಾ, ಇಷ್ಟು ಕೇಳಲೇಬೇಕು.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಕೆಲಸ ಬಿಡುವಾಗ. ಮೂರು ವರ್ಷದ ಲೀಸ್, ಒಂದೂವರೆ ವರ್ಷಕ್ಕೆ ಬೇರೆ ಕೆಲಸ ಸಿಕ್ಕಿತು. ಉಳಿದ ಕಂತು ಯಾರದ್ದು? ಕೆಲವು ಕಂಪನಿಗಳು ಕಾರನ್ನು ಇನ್ನೊಬ್ಬ ಉದ್ಯೋಗಿಗೆ ಕೊಟ್ಟು ಮುಗಿಸುತ್ತವೆ, ಕೆಲವು ಕೊನೆಯ ಸಂಬಳದಿಂದ ಹಿಡಿದುಕೊಳ್ಳುತ್ತವೆ. ನಿಮ್ಮ ಕಂಪನಿ ಯಾವ ಥರದ್ದು ಅಂತ ಪಾಲಿಸಿಯಲ್ಲಿ ಹುಡುಕಿ. ಲೀಸ್ ಕಂಪನಿ ವಾಲ್‌ಬಾಕ್ಸ್ ಹಾಕಿಸಿಕೊಟ್ಟರೆ ಅದು ಕೊನೆಗೆ ಯಾರ ಪಾಲಿಗೆ, ಕಿತ್ತುಕೊಂಡು ಹೋಗುವ ಖರ್ಚು ಯಾರದ್ದು, ಅದನ್ನೂ ನೋಡಿ.

ಸರ್ವಿಸ್, ಟೈರು, ಇನ್ಶೂರೆನ್ಸ್ ಕಂತಿನಲ್ಲಿ ಸೇರಿದ್ದರೆ ನೆಮ್ಮದಿ. ಅದರಲ್ಲೂ ಟೈರು. ಬ್ಯಾಟರಿ ತೂಕಕ್ಕೆ ಅವು ಬೇಗ ಸವೆಯುತ್ತವೆ. ಬ್ಯಾಟರಿ ಕೆಟ್ಟರೆ ಅಂತ ಚಿಂತೆ ಮಾಡುವವರಿಗೆ ಒಂದು ಮಾತು: ಬಹಳಷ್ಟು ತಯಾರಕರು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಮೂರು ನಾಲ್ಕು ವರ್ಷದ ಲೀಸ್‌ನಲ್ಲಿ ಆ ಭಯ ನಿಮ್ಮದಲ್ಲ.

ತೆರಿಗೆಯ ವಿಷಯ ದೇಶಕ್ಕೊಂದು ಥರ. ಆದರೆ ಒಂದು ಪ್ರಶ್ನೆ ಎಲ್ಲರೂ ಕೇಳಬೇಕು: ಈಗಿರುವ ರಿಯಾಯಿತಿ ಲೀಸ್ ಮುಗಿಯುವ ತನಕ ಇರುತ್ತದಾ? ಯುರೋಪಿನಲ್ಲಿ ಈ ಕಾರುಗಳ ಹೊಗೆ ಅಳೆಯುವ ಲೆಕ್ಕವನ್ನೇ ಬಿಗಿ ಮಾಡಿದರು. 2025ರಿಂದ ಹೊಸ ಮಾಡೆಲ್‌ಗಳಿಗೆ, 2026ರಿಂದ ನೋಂದಣಿ ಆಗುವ ಎಲ್ಲ ಹೊಸ ಕಾರುಗಳಿಗೆ. ಕಾರು ಅದೇ, ಆದರೆ ಕಾಗದದ ಮೇಲೆ ಅದರ ಕಾರ್ಬನ್ ಸಂಖ್ಯೆ, ಅಂದರೆ ಎಷ್ಟೋ ಕಡೆ ತೆರಿಗೆ ರಿಯಾಯಿತಿಗೆ ಆಧಾರವಾಗುವ ಸಂಖ್ಯೆ, ಏರಿತು. ಹಳೇ ಸಂಖ್ಯೆ ಹೇಗಿತ್ತು ಅಂದರೆ, ಕಾರುಗಳೇ ದಾಖಲಿಸಿದ ಇಂಧನದ ಲೆಕ್ಕ ನೋಡಿ ಯುರೋಪಿಯನ್ ಕಮಿಷನ್ 2024ರಲ್ಲಿ, ರಸ್ತೆಯ ಮೇಲಿನ ಹೊಗೆ ಲ್ಯಾಬಿನ ಸಂಖ್ಯೆಗಿಂತ ಸರಾಸರಿ ಮೂರೂವರೆ ಪಟ್ಟು ಇದೆ ಅಂತ ಹೇಳಿತು.

ಹಂತ 5: ಈಗ ಕಾರು ಆರಿಸಿ

ಟೆಸ್ಟ್ ಡ್ರೈವ್‌ಗೆ ಬ್ಯಾಟರಿ ಖಾಲಿ ಇರುವ ಕಾರು ಕೇಳಿ. ಶೋರೂಮಿನವರು ಮುಖ ಮುಖ ನೋಡುತ್ತಾರೆ, ಪರವಾಗಿಲ್ಲ. ಫುಲ್ ಚಾರ್ಜ್‌ನಲ್ಲಿ ಎಲ್ಲ ಕಾರೂ ಬೆಣ್ಣೆಯ ಹಾಗೆ ಓಡುತ್ತದೆ. ಖಾಲಿ ಬ್ಯಾಟರಿಯಲ್ಲಿ ಏರು ಹತ್ತುವಾಗ ಇಂಜಿನ್ ಎಷ್ಟು ಕಿರುಚುತ್ತದೆ ಅನ್ನುವುದನ್ನು ನೀವು ಮೂರು ವರ್ಷ ಕೇಳಬೇಕಾಗುತ್ತದೆ.

ಕೇಬಿನ್ ಹೀಟರ್ ಕರೆಂಟಿನದಾ ಕೇಳಿ. ಅಲ್ಲ ಅಂದರೆ ಚಳಿಯ ಬೆಳಿಗ್ಗೆ ಬೆಚ್ಚಗಾಗಲು ಇಂಜಿನ್ ಸ್ಟಾರ್ಟ್ ಆಗಲೇಬೇಕು, ಬ್ಯಾಟರಿ ತುಂಬಿದ್ದರೂ ಅಷ್ಟೇ. ಡಿಕ್ಕಿ ತೆಗೆದು ನಿಮ್ಮ ಕೆಲಸದ ಸಾಮಾನು ಇಟ್ಟು ನೋಡಿ, ಪಕ್ಕದಲ್ಲಿ ಕೇಬಲ್ ಚೀಲವನ್ನೂ ಇಡಿ. ಬ್ಯಾಟರಿಗೆ ಜಾಗ ಬೇಕು ಅಂತ ಕೆಲವು ಮಾಡೆಲ್‌ಗಳಲ್ಲಿ ಡಿಕ್ಕಿಯೂ ಚಿಕ್ಕದು, ಪೆಟ್ರೋಲ್ ಟ್ಯಾಂಕೂ ಚಿಕ್ಕದು.

ಹಂತ 6: ಡೆಲಿವರಿ ದಿನ ಮತ್ತು ಮೊದಲ ವಾರ

ಕೀ ಕೈಗೆ ಬಂದ ತಕ್ಷಣ ಕೇಬಲ್ ಎಷ್ಟು ಕೊಟ್ಟಿದ್ದಾರೆ ಎಣಿಸಿ, ಫೋಟೋ ತೆಗೆಯಿರಿ. ಶೋರೂಮ್ ಬಿಡುವ ಮುಂಚೆ ಒಂದು ಸಲ ಚುಚ್ಚಿ, ಲೈಟ್ ಬಂತಾ ನೋಡಿ, ಕೇಬಲ್ ಲಾಕ್ ಬಿಡಿಸುವುದು ಹೇಗೆ ಅಂತ ಅಲ್ಲೇ ಕಲಿಯಿರಿ. ಪೆಟ್ರೋಲ್ ಮುಚ್ಚಳವನ್ನೂ ತೆಗೆದು ನೋಡಿ. ಇಂಥ ಹಲವು ಕಾರುಗಳಲ್ಲಿ ಟ್ಯಾಂಕ್ ಒಳಗೆ ಒತ್ತಡ ಇರುವುದರಿಂದ ಬಟನ್ ಒತ್ತಿ ಒಂದಿಷ್ಟು ಸೆಕೆಂಡ್ ಕಾಯಬೇಕು. ಗೊತ್ತಿಲ್ಲದೆ ಬಂಕ್‌ನಲ್ಲಿ ಮುಚ್ಚಳ ಮೀಟಿ ಮುರಿದವರಿದ್ದಾರೆ.

ಮನೆಗೆ ಬಂದ ಮೇಲೆ ಹೊರಡುವ ಸಮಯವನ್ನು ಆ್ಯಪ್‌ನಲ್ಲಿ ಸೆಟ್ ಮಾಡಿ. ಕೇಬಲ್ ಚುಚ್ಚಿರುವಾಗಲೇ ಕಾರು ಒಳಗೆ ಬೆಚ್ಚಗೋ ತಣ್ಣಗೋ ಆಗಿಬಿಟ್ಟರೆ, ಆ ಖರ್ಚು ಗೋಡೆಯಿಂದ ಹೋಗುತ್ತದೆ. ಬ್ಯಾಟರಿಯಲ್ಲಿದ್ದದ್ದು ರಸ್ತೆಗೇ ಉಳಿಯುತ್ತದೆ.

ಅಭ್ಯಾಸಕ್ಕೆ ಒಂದು ಸಣ್ಣ ಉಪಾಯ: ಮನೆಯ ಕೇಬಲ್ಲನ್ನು ಡಿಕ್ಕಿಗೆ ಹಾಕಬೇಡಿ. ಗೋಡೆಗೆ ಒಂದು ಕೊಕ್ಕೆ ಹೊಡೆದು ಅಲ್ಲೇ ನೇತುಹಾಕಿ. ದಿನಾ ಡಿಕ್ಕಿ ತೆಗೆದು, ಚೀಲ ಬಿಚ್ಚಿ, ಒದ್ದೆ ಕೇಬಲ್ ಬಿಡಿಸಬೇಕು ಅಂದರೆ ಎರಡನೇ ವಾರಕ್ಕೇ ಬಿಟ್ಟುಬಿಡುತ್ತೀರಿ.

ಹಂತ 7: ಓಡಿಸುವ ರೀತಿ

ಮೋಡ್‌ಗಳ ಹೆಸರು ಕಂಪನಿಗೊಂದು ಥರ, ಕೆಲಸ ಮಾತ್ರ ನಾಲ್ಕೇ. ಬರೀ ಕರೆಂಟು, ಎರಡೂ ಸೇರಿಸಿ, ಬ್ಯಾಟರಿ ಉಳಿಸು, ಓಡುತ್ತಾ ಬ್ಯಾಟರಿ ತುಂಬಿಸು.

ಮನೆ-ಆಫೀಸು ಓಡಾಟಕ್ಕೆ ಮೊದಲನೆಯದು. ಹೈವೇ ಪ್ರಯಾಣಕ್ಕೆ ಕ್ರಮ ಬೇರೆ: ಹೈವೇ ಹತ್ತಿದ ಮೇಲೆ ಉಳಿಸುವ ಮೋಡ್ ಹಾಕಿ, ಕೊನೆಗೆ ಊರೊಳಗೆ ಸಿಗ್ನಲ್ಲು ಜಾಮು ಇರುವ ಕಡೆ ಬ್ಯಾಟರಿ ಖರ್ಚು ಮಾಡಿ. ಒಂದೇ ವೇಗದಲ್ಲಿ ಓಡುವಾಗ ಇಂಜಿನ್ ತಕ್ಕಮಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ನಿಂತು ನಿಂತು ಹೋಗುವ ಕಡೆ ಮೋಟಾರಿಗೆ ಸಾಟಿಯಿಲ್ಲ. ಆದರೆ ತಲುಪುವಾಗ ಬ್ಯಾಟರಿ ಖಾಲಿಯಾಗಿರಲಿ. ತುಂಬಿದ ಬ್ಯಾಟರಿಯನ್ನು ಇಡೀ ದಾರಿ ಹೊತ್ತು ಮನೆಗೆ ವಾಪಸ್ ತರುವುದರಲ್ಲಿ ಅರ್ಥ ಇಲ್ಲ.

ನಾಲ್ಕನೆಯ ಮೋಡ್ ಮುಟ್ಟಬೇಡಿ. ಪೆಟ್ರೋಲ್ ಸುಟ್ಟು ಕರೆಂಟ್ ಮಾಡಿ, ಅದನ್ನು ಬ್ಯಾಟರಿಗೆ ಹಾಕಿ, ಮತ್ತೆ ತೆಗೆದು ಚಕ್ರಕ್ಕೆ ಕೊಡುವುದು. ಪ್ರತಿ ಕೈ ಬದಲಾದಾಗಲೂ ಒಂದಿಷ್ಟು ಸೋರುತ್ತದೆ.

ಡ್ಯಾಶ್‌ಬೋರ್ಡಿನ ಪವರ್ ಮೀಟರ್ ಮೇಲೆ ಕಣ್ಣಿಡಿ. ಆಕ್ಸಿಲರೇಟರನ್ನು ಒಂದು ಮಿತಿ ದಾಟಿ ತುಳಿದರೆ ಕರೆಂಟ್ ಮೋಡ್‌ನಲ್ಲೂ ಇಂಜಿನ್ ಎದ್ದು ಕೂರುತ್ತದೆ. ತಣ್ಣಗೆ ಮಲಗಿದ್ದ ಇಂಜಿನ್‌ಗೆ ಒಮ್ಮೆಗೇ ಪೂರ್ತಿ ಹೊರೆ, ಅದಕ್ಕೂ ಒಳ್ಳೆಯದಲ್ಲ. ಬ್ರೇಕನ್ನು ಮೊದಲೇ ಮೆಲ್ಲಗೆ ಹಿಡಿದರೆ ಮೋಟಾರು ಕರೆಂಟ್ ವಾಪಸ್ ತುಂಬಿಸುತ್ತದೆ, ಕೊನೇ ಗಳಿಗೆಯಲ್ಲಿ ಜೋರಾಗಿ ತುಳಿದರೆ ಎಲ್ಲ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮನೆ ಗುಡ್ಡದ ಮೇಲಿದ್ದರೆ ಇನ್ನೊಂದು ಸಂಗತಿ: ಬೆಳಿಗ್ಗೆ ಬ್ಯಾಟರಿ ತುಂಬಿ ತುಳುಕುತ್ತಿರುವಾಗ ಇಳಿಜಾರಿನಲ್ಲಿ ಬರುವ ಕರೆಂಟಿಗೆ ಜಾಗವೇ ಇರುವುದಿಲ್ಲ, ಕಾರು ಎಂದಿನ ಹಾಗೆ ತಾನೇ ತಡೆದು ನಿಲ್ಲುವುದಿಲ್ಲ. ಗಾಬರಿ ಬೇಡ, ಬ್ರೇಕ್ ಹಿಡಿಯಿರಿ.

ಹಂತ 8: ಕಾರು ಕೊಡುವ ಸೂಚನೆಗಳು

ಕರೆಂಟಿನಲ್ಲೇ ಓಡಿಸುವವರ ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಕೂತು ಹಳಸುತ್ತದೆ. ಅಂಥವರು ಟ್ಯಾಂಕ್ ಅರ್ಧ ಮಾತ್ರ ತುಂಬಿಸಿ, ಆಗಾಗ ಒಂದು ಅರ್ಧ ಗಂಟೆ ಹೈವೇಯಲ್ಲಿ ಇಂಜಿನ್ ಓಡಿಸಿ. ಒಂದೊಂದು ದಿನ ಕರೆಂಟ್ ಮೋಡ್‌ನಲ್ಲಿದ್ದರೂ ಇಂಜಿನ್ ತಾನಾಗಿ ಸ್ಟಾರ್ಟ್ ಆದರೆ ಹೆದರಬೇಡಿ, ಕೆಲವು ಕಾರುಗಳು ಎಣ್ಣೆ, ಪೆಟ್ರೋಲ್ ಕೆಡದಿರಲಿ ಅಂತ ಹಾಗೆ ಮಾಡುತ್ತವೆ.

ಡಿಪ್‌ಸ್ಟಿಕ್, ಅಂದರೆ ಇಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಇದ್ದರೆ ತಿಂಗಳಿಗೊಮ್ಮೆ ಎಳೆದು ನೋಡಿ. ಎಣ್ಣೆ ಮಟ್ಟ ಏರಿ, ಪೆಟ್ರೋಲ್ ವಾಸನೆ ಬಂದರೆ, ಇಂಜಿನ್ ಎರಡು ನಿಮಿಷ ಓಡಿ ನಿಂತು, ಓಡಿ ನಿಂತು ಪೆಟ್ರೋಲ್ ಎಣ್ಣೆಗೆ ಇಳಿದಿದೆ ಅಂತ ಅರ್ಥ. ಸರ್ವಿಸ್‌ಗೆ ಬಿಡಿ. ಬ್ರೇಕ್ ಡಿಸ್ಕ್ ಮೇಲೆ ತುಕ್ಕು ಹಿಡಿದು ಗರಗರ ಅಂದರೆ ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ.

ಜನ ತಲೆ ಕೆಡಿಸಿಕೊಳ್ಳುವುದು 12 ವೋಲ್ಟ್ ಬ್ಯಾಟರಿ ಸತ್ತಾಗ. ದೊಡ್ಡ ಬ್ಯಾಟರಿ ಫುಲ್ ಇದೆ, ಟ್ಯಾಂಕ್ ಫುಲ್ ಇದೆ, ಕಾರು ಮಾತ್ರ ಉಸಿರೇ ಬಿಡುತ್ತಿಲ್ಲ. ದೊಡ್ಡ ಬ್ಯಾಟರಿಯ ಸ್ವಿಚ್ ಒತ್ತುವುದೇ ಆ ಸಣ್ಣ ಬ್ಯಾಟರಿ, ಹಾಗಾಗಿ. ಮ್ಯಾನ್ಯುಯಲ್‌ನಲ್ಲಿ ಜಂಪ್ ಸ್ಟಾರ್ಟ್ ಪಾಯಿಂಟ್ ಎಲ್ಲಿದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ಕಿತ್ತಳೆ ಬಣ್ಣದ ವೈರುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಅವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ.

ಹಂತ 9: ತಿಂಗಳ ಲೆಕ್ಕ, ಕೊನೆಗೆ ವಾಪಸಾತಿ

ತಿಂಗಳ ಕೊನೆಗೆ ಮೂರು ಸಂಖ್ಯೆ ಬರೆಯಿರಿ: ಕಿಲೋಮೀಟರ್, ಯೂನಿಟ್, ಲೀಟರ್. ಲೀಟರ್ ಏರುತ್ತಿದೆ, ಯೂನಿಟ್ ಇಳಿಯುತ್ತಿದೆ ಅಂದರೆ ಕಾರು ಕೆಟ್ಟಿಲ್ಲ, ನೀವು ಚಾರ್ಜ್ ಮರೆಯುತ್ತಿದ್ದೀರಿ. ಯೂನಿಟ್ ಅಷ್ಟೇ ಇದ್ದು ಓಡುವ ದೂರ ಮಾತ್ರ ಕಡಿಮೆಯಾದರೆ ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಹವಾಮಾನ, ಕೊನೆಗೆ ಸರ್ವಿಸ್ ಸೆಂಟರ್. ಆರನೇ ತಿಂಗಳಿಗೆ ಕಿಲೋಮೀಟರನ್ನು ಲೀಸ್ ಮಿತಿಯ ಜೊತೆ ಹೋಲಿಸಿ. ಮಿತಿ ದಾಟುವ ಹಾಗೆ ಕಂಡರೆ ಆಗಲೇ ಬದಲಿಸಲು ಕೇಳಿ, ಕೊನೇ ತಿಂಗಳಲ್ಲಿ ಕೇಳಿದರೆ ದಂಡವೇ ಗತಿ.

ವಾಪಸ್ ಕೊಡುವ ಮುಂಚೆ ಕಾರು ತೊಳೆಸಿ, ಹಗಲು ಬೆಳಕಿನಲ್ಲಿ ಸುತ್ತಲೂ ಫೋಟೋ ತೆಗೆಯಿರಿ. ಚಕ್ರದ ರಿಮ್ ಮೇಲಿನ ಗೀರು, ಗಾಜಿನ ಚುಕ್ಕೆ, ಓಡೋಮೀಟರ್ ಎಲ್ಲ ಬರಲಿ. ಎರಡೂ ಕೀ, ಎಲ್ಲ ಕೇಬಲ್, ಸರ್ವಿಸ್ ದಾಖಲೆ ಒಂದೇ ಚೀಲದಲ್ಲಿ ಹಾಕಿಡಿ. ಒಂದು ಕೇಬಲ್ ಕಾಣೆಯಾದರೂ ಬಿಲ್ ಬರುತ್ತದೆ, ಅದರ ಬೆಲೆ ಕೇಳಿದರೆ ಎದೆ ಧಸಕ್ಕನ್ನುತ್ತದೆ. ಕಾರಿನ ಸ್ಕ್ರೀನ್‌ನಿಂದ ಮನೆ ವಿಳಾಸ, ಫೋನ್ ನಂಬರುಗಳನ್ನೆಲ್ಲ ಅಳಿಸಿ, ಆ್ಯಪ್‌ನಿಂದಲೂ ಕಾರನ್ನು ತೆಗೆಯಿರಿ. ಇಲ್ಲದಿದ್ದರೆ ಮುಂದಿನವರು ಕಾರು ಎಲ್ಲಿ ನಿಲ್ಲಿಸಿದ್ದಾರೆ ಅನ್ನುವುದು ಆರು ತಿಂಗಳಾದರೂ ನಿಮ್ಮ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ.